ಕೊಠಡಿಯ ಉಷ್ಣಾಂಶ

1

ಜೂನ್ ತಿಂಗಳು. ಒಮಾನಿನ ಮಸ್ಕತ್ತಿನಲ್ಲಿರುವ ಅಲ್ ಖುವೈರ್‌ನ ಮನೆಗಳಲ್ಲಿ ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಕೆಂಪು ಗುರುತಿನದರಲ್ಲಿ ತಣ್ಣೀರು.

ನೀಲಿ ನಲ್ಲಿಗೆ ನೀರು ತಾರಸಿಯ ಟ್ಯಾಂಕಿನಿಂದ ನೇರ ಇಳಿಯುತ್ತದೆ. ಟ್ಯಾಂಕು ಇಡೀ ದಿನ ಬಿಸಿಲಿನಲ್ಲಿರುತ್ತದೆ. ಕೆಂಪು ನಲ್ಲಿಯ ನೀರು ಗೀಸರಿನಲ್ಲಿ ರಾತ್ರಿಯಿಡೀ ನಿಂತು ಬರುತ್ತದೆ. ಗೀಸರು ಮನೆಯೊಳಗಿದೆ, ಎ.ಸಿ.ಯ ತಂಪು ಅದಕ್ಕೂ ತಾಗುತ್ತದೆ. ಮೇ ತಿಂಗಳಲ್ಲಿ ಅದರ ಸ್ವಿಚ್ ಆರಿಸಿದರೆ ಮತ್ತೆ ಹಾಕುವುದು ಚಳಿಗಾಲದ ಹೊಸ್ತಿಲಲ್ಲಿ.

ಬೆಳಿಗ್ಗೆ ಮೊದಲು ಸ್ನಾನಕ್ಕೆ ಹೋದವರಿಗೆ ತಣ್ಣೀರು. ಮೂರನೆಯವರ ಸರದಿ ಬರುವಷ್ಟರಲ್ಲಿ ತಾರಸಿಯ ನೀರು ಗೀಸರಿಗೂ ಇಳಿದಿರುತ್ತದೆ.

2

ಅಕ್ಕನ ಮಗಳಿಗೆ ರಜೆ. ಇಲ್ಲಿನ ಇಂಡಿಯನ್ ಸ್ಕೂಲುಗಳಿಗೆ ಬೇಸಿಗೆ ರಜೆ ಬರುವುದು ಜೂನ್, ಜುಲೈನಲ್ಲಿ. ರಜೆಯಲ್ಲಿ ಒಂದು ಪ್ರಯೋಗ ಮಾಡಿ ಬರೆದುಕೊಂಡು ಹೋಗಬೇಕು. ನೀರಿಗೆ ಹಾಕಿದರೆ ನೊರೆಯೇಳುವ ವಿಟಮಿನ್ ಸಿ ಮಾತ್ರೆ ಮೂರು, ಗಾಜಿನ ಲೋಟ ಮೂರು. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಕೊಠಡಿಯ ಉಷ್ಣಾಂಶದ ನೀರು, ಮತ್ತೊಂದರಲ್ಲಿ ಬಿಸಿನೀರು. ಮಾತ್ರೆ ಪೂರ್ತಿ ಕರಗಲು ಎಷ್ಟು ಹೊತ್ತು ಬೇಕು?

ಫ್ರಿಜ್ಜಿನ ನೀರು 7 ಡಿಗ್ರಿ ಇತ್ತು. ಕೆಟಲಿನಲ್ಲಿ ಕಾಯಿಸಿ ಬೆರೆಸಿದ್ದು 60. ನಡುವಿನ ಲೋಟಕ್ಕೆ ಅಡುಗೆಮನೆಯ ನಲ್ಲಿಯಿಂದ ನೀರು ಹಿಡಿದು ಥರ್ಮಾಮೀಟರ್ ಅದ್ದಿದಳು. 43.

"ಮಾಮ, ಇದನ್ನ ಯಾವ ಸಾಲಲ್ಲಿ ಬರೀಲಿ?"

ಅವಳ ಹಾಳೆಯಲ್ಲಿ ಸಾಲುಗಳು ಮೂರೇ. ನಡುವಿನ ಸಾಲಿನ ಮುಂದೆ 25 ಡಿಗ್ರಿ ಎಂದು ಮೊದಲೇ ಅಚ್ಚಾಗಿತ್ತು. ಅವಳು 25ನ್ನು ಹೊಡೆದುಹಾಕಲಿಲ್ಲ. ಅದರ ಪಕ್ಕದಲ್ಲೇ 43 ಎಂದು ಬರೆದಳು.

ತಣ್ಣೀರಿನ ಮಾತ್ರೆ ತಳದಲ್ಲಿ ಕೂತು ಸಣ್ಣ ಗುಳ್ಳೆ ಬಿಡುತ್ತಾ ಹೋಯಿತು. ಎರಡು ನಿಮಿಷ ದಾಟಿದ ಮೇಲೆ ತೆಳ್ಳಗಾಗಿ ಮೇಲೆ ತೇಲಿತು, ತೇಲಿದಲ್ಲೇ ಮುಗಿಯಿತು. ಬಿಸಿನೀರಿನದು ಅರ್ಧ ನಿಮಿಷವನ್ನೂ ಕಾಣಲಿಲ್ಲ, ನೊರೆ ಲೋಟದ ಅಂಚಿಗೆ ಬಂದು ನಿಂತಿತು. ನಲ್ಲಿ ನೀರಿನದು ಬಿಸಿನೀರಿನದಕ್ಕೇ ಹತ್ತಿರ.

3

ಮಾತ್ರೆಯಲ್ಲಿ ಸಿಟ್ರಿಕ್ ಆಮ್ಲವೂ ಇದೆ, ಅಡುಗೆ ಸೋಡಾವೂ ಇದೆ. ಒಣಗಿದ್ದಾಗ ಎರಡೂ ಒಂದರ ಪಕ್ಕ ಒಂದು ತಿಂಗಳುಗಟ್ಟಲೆ ಸುಮ್ಮನಿರುತ್ತವೆ. ನೀರು ಸಿಕ್ಕಿದ ಕ್ಷಣ ಶುರು.

ಅವಳು ಒಂದು ಮಾತ್ರೆಯನ್ನು ಬಿಸಿ ಮಾಡಿದ ಅಡುಗೆ ಎಣ್ಣೆಗೂ ಹಾಕಿ ನೋಡಿದಳು. ಏನೂ ಆಗಲಿಲ್ಲ. ಎಣ್ಣೆ ನಲ್ಲಿ ನೀರಿಗಿಂತ ಬಿಸಿಯಿತ್ತು. ಮಾತ್ರೆ ತಳದಲ್ಲಿ ಅಂಚು ಸವೆಯದೆ ಬಿದ್ದಿತ್ತು. ಮೇಲಿನಿಂದ ಒಂದು ಚಮಚ ನೀರು ಸುರಿದಾಗ ನೀರು ಎಣ್ಣೆಯಡಿಗೆ ಇಳಿಯಿತು. ಗುಳ್ಳೆಗಳು ಎಣ್ಣೆಯನ್ನು ದಾಟಿಕೊಂಡು ಮೇಲೆ ಬಂದವು.

4

ಬಿಸಿಯಾದರೆ ಕ್ರಿಯೆಗೆ ವೇಗ ಏಕೆ ಎಂಬುದಕ್ಕೆ 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಒಂದು ಸಮೀಕರಣ ಕೊಟ್ಟರು. ಎಲ್ಲ ಅಣುಗಳೂ ಡಿಕ್ಕಿ ಹೊಡೆಯುತ್ತವೆ, ಆದರೆ ತಕ್ಕಷ್ಟು ಶಕ್ತಿಯಿಂದ ಹೊಡೆದವು ಮಾತ್ರ ಬದಲಾಗುತ್ತವೆ. ಉಷ್ಣಾಂಶ ಸ್ವಲ್ಪ ಏರಿದರೆ ಅಂಥ ಅಣುಗಳ ಪಾಲು ಬಹಳ ಏರುತ್ತದೆ. ಅನೇಕ ಕ್ರಿಯೆಗಳಿಗೆ 10 ಡಿಗ್ರಿ ಏರಿದರೆ ವೇಗ ಎರಡರಿಂದ ನಾಲ್ಕು ಪಟ್ಟು ಎಂಬ ಸ್ಥೂಲ ಲೆಕ್ಕವನ್ನು ಡಚ್ ವಿಜ್ಞಾನಿ ವಾಂಟ್ ಹಾಫ್ ಹೆಸರಿನಲ್ಲಿ ಹೇಳುತ್ತಾರೆ.

25ಕ್ಕೂ 43ಕ್ಕೂ ನಡುವೆ 18 ಡಿಗ್ರಿ.

5

ನೊರೆ ಇಳಿದ ಮೇಲೆ ಲೋಟ ಮುಟ್ಟಿ ನೋಡಿದೆವು. ನೀರು ಮೊದಲಿಗಿಂತ ತುಸು ತಣ್ಣಗಿತ್ತು. ಸೋಡಾ ಮತ್ತು ಸಿಟ್ರಿಕ್ ಆಮ್ಲದ ಈ ಕ್ರಿಯೆ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಬಿಸಿ ಕೊಟ್ಟರೆ ಬೇಗ ಓಡುತ್ತದೆ, ಓಡಿದಷ್ಟೂ ತಂಪು ಮಾಡುತ್ತದೆ.

ಅಕ್ಕನ ಮಗಳಿಗೆ ಇದು ಹಿಡಿಸಲಿಲ್ಲ. ನೊರೆ ಬರುವುದೆಲ್ಲ ಬಿಸಿಯಾಗಬೇಕು ಎಂಬುದು ಅವಳ ಲೆಕ್ಕ.

6

ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ಮಧ್ಯಾಹ್ನ ಬಾಲ್ಕನಿಯ ನೆರಳಿನಲ್ಲಿಟ್ಟರೆ ಅಂಕಿ ತೋರಿಸುವುದಿಲ್ಲ, ಎಚ್ ಎಂಬ ಅಕ್ಷರ ತೋರಿಸುತ್ತದೆ. ಅದರ ಅಳತೆ 42ರ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ.

7

ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಈ ಮನೆಯಲ್ಲಿ ಅದರ ಬಾಟಲಿ ಮೂರು ಕಡೆ ಇದೆ. ಅಡುಗೆಮನೆಯಲ್ಲಿ ಎಣ್ಣೆ ನೀರಿನಷ್ಟು ತೆಳು. ಮಲಗುವ ಕೋಣೆಯ ಎ.ಸಿ. 22ಕ್ಕಿದೆ, ಅಲ್ಲಿ ಎಣ್ಣೆ ಬಿಳಿಗಟ್ಟಿ, ಬೆರಳು ಹಾಕಿ ಕೆರೆಯಬೇಕು. ದೇವರ ಕಪಾಟು ಹಜಾರದಲ್ಲಿದೆ. ಅಲ್ಲಿನ ಬಾಟಲಿಯಲ್ಲಿ ಎಣ್ಣೆ ಅರ್ಧ ಬಿಳಿ, ಅರ್ಧ ತಿಳಿ, ನಡುವೆ ಮೋಡ ಮೋಡ. ಮೂರೂ ಒಂದೇ ಡಬ್ಬಿಯಿಂದ ಸುರಿದವು.

ಅಕ್ಕ ಕುಂದಾಪುರದವಳು. ಊರಿನಲ್ಲಿ ಎಣ್ಣೆ ಹೆಪ್ಪುಗಟ್ಟಿದರೆ ಚಳಿ ಬಂತು ಎಂದು ಅರ್ಥ. ಇಲ್ಲಿ ಎಣ್ಣೆ ಹೆಪ್ಪುಗಟ್ಟುವುದು ಹೊರಗೆ ಸೆಕೆ ಏರಿದಾಗ. ಆಗಲೇ ಎ.ಸಿ. ಹಗಲೂರಾತ್ರಿ ಓಡುತ್ತದೆ.

8

ಅಲ್ ಖುವೈರ್‌ನ ಸಚಿವಾಲಯಗಳ ಸಾಲಿನಲ್ಲಿ 1985ರಲ್ಲಿ ಒಂದು ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯ ತೆರೆದರು. ಅದರಲ್ಲಿ ತಿಮಿಂಗಿಲಗಳಿಗೆಂದೇ ಒಂದು ಅಂಗಣ. ಒಮಾನಿನ ದಡಕ್ಕೆ ಬಂದು ಬಿದ್ದ ಸ್ಪರ್ಮ್ ತಿಮಿಂಗಿಲದ ಅಸ್ಥಿಪಂಜರ ಅಲ್ಲಿದೆ.

ಸ್ಪರ್ಮ್ ತಿಮಿಂಗಿಲದ ತಲೆಯಲ್ಲಿ ಒಂದು ಮೇಣದೆಣ್ಣೆ ಇರುತ್ತದೆ. ಬದುಕಿರುವಾಗ ಅದು ದ್ರವ, ಸುಮಾರು 30 ಡಿಗ್ರಿಗೆ ಇಳಿದರೆ ಗಟ್ಟಿಯಾಗತೊಡಗುತ್ತದೆ. ತಿಮಿಂಗಿಲ ಬೇಟೆಯವರು ತಲೆ ಒಡೆದು ಎಣ್ಣೆಯನ್ನು ಬಕೆಟಿನಲ್ಲಿ ಮೊಗೆಯುತ್ತಿದ್ದರು. ಹೊರಗಿನ ತಂಪಿಗೆ ಅದು ಬಿಳಿಯ ಮೇಣವಾಗುತ್ತಿತ್ತು. ಅದರಿಂದ ಮಾಡಿದ ಮೇಣದಬತ್ತಿ ಹೊಗೆಯಿಲ್ಲದೆ ಉರಿಯುತ್ತದೆ. 1860ರಲ್ಲಿ ಇಂಗ್ಲೆಂಡಿನ ಒಂದು ಕಾಯಿದೆ ಬೆಳಕಿನ ಅಳತೆಗೆ ಈ ಬತ್ತಿಯನ್ನೇ ಮಾನವಾಗಿ ಇಟ್ಟುಕೊಂಡಿತು.

1970ರ ದಶಕದಲ್ಲಿ ಮಾಲ್ಕಂ ಕ್ಲಾರ್ಕ್ ಎಂಬ ಬ್ರಿಟಿಷ್ ಜೀವವಿಜ್ಞಾನಿ ಒಂದು ಊಹೆ ಮುಂದಿಟ್ಟರು. ತಿಮಿಂಗಿಲ ಮೂಗಿನ ಹಾದಿಗೆ ಸಮುದ್ರದ ತಣ್ಣೀರು ಎಳೆದುಕೊಂಡು ಈ ಎಣ್ಣೆಯನ್ನು ಗಟ್ಟಿ ಮಾಡುತ್ತದೆ. ಗಟ್ಟಿಯಾದ ಮೇಣ ಕುಗ್ಗುತ್ತದೆ, ಸಾಂದ್ರತೆ ಏರುತ್ತದೆ, ಮುಳುಗುವುದು ಸುಲಭವಾಗುತ್ತದೆ. ಮೇಲೆ ಬರಬೇಕಾದಾಗ ರಕ್ತದ ಬಿಸಿಯಿಂದ ಮತ್ತೆ ಕರಗಿಸುತ್ತದೆ. ಈ ಊಹೆಯನ್ನು ಅನೇಕರು ಒಪ್ಪಲಿಲ್ಲ. ತಲೆಯ ಎಣ್ಣೆ ಇರುವುದು ಶಬ್ದ ಹೊರಡಿಸುವುದಕ್ಕೆ ಎನ್ನುವವರೇ ಈಗ ಹೆಚ್ಚು.

ಅಸ್ಥಿಪಂಜರದಲ್ಲಿ ಎಣ್ಣೆಯ ಜಾಗ ಖಾಲಿ. ತಲೆಬುರುಡೆಯ ಮೇಲ್ಭಾಗ ಬಟ್ಟಲಿನ ಹಾಗೆ ತಗ್ಗಿದೆ.

9

ಬೆಂಗಳೂರಿನ ಡಿಸೆಂಬರಿನಲ್ಲಿ ಕಿಟಕಿಯ ಗಾಜಿಗೆ ಹನಿ ಕಟ್ಟುವುದು ಒಳಗಡೆ. ಇಲ್ಲಿ ಆಗಸ್ಟಿನಲ್ಲಿ ಹೊರಗಡೆ.

ಕನ್ನಡಕ ಹಾಕಿದವರು ಅಂಗಡಿಯಿಂದ ರಸ್ತೆಗೆ ಇಳಿದ ಕೂಡಲೇ ನಿಲ್ಲುತ್ತಾರೆ. ಮಂಜು ಆರುವವರೆಗೆ ಏನೂ ಕಾಣುವುದಿಲ್ಲ. ರಸ್ತೆ ದಾಟುವ ಮುನ್ನ ಎಲ್ಲರೂ ಒಂದೇ ರೀತಿ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಳ್ಳುತ್ತಾರೆ.

10

ಎ.ಸಿ.ಯ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟಿದ್ದಾರೆ. ಸಂಜೆಯೊಳಗೆ ತುಂಬುತ್ತದೆ. ಅದು ಕೋಣೆಯ ಗಾಳಿಯಲ್ಲಿದ್ದ ನೀರು. ಅಕ್ಕ ಅದನ್ನು ತುಳಸಿ ಕುಂಡಕ್ಕೆ ಹಾಕುತ್ತಾಳೆ. ತುಳಸಿ ಬಾಲ್ಕನಿಯಲ್ಲಿದೆ, ಬಿಸಿಲಿಗೆ ಎಲೆ ಮುದುಡಿದೆ.

11

ಹಾಲಿಗೆ ಹೆಪ್ಪು ಹಾಕಿದರೆ ಮೂರು ತಾಸಿಗೆ ಮೊಸರು ಸಿದ್ಧ. ನಾಲ್ಕನೇ ತಾಸಿಗೆ ಹುಳಿ. ಮೊಸರು ಮಾಡುವ ಬ್ಯಾಕ್ಟೀರಿಯಾಗಳಿಗೆ 40ರಿಂದ 45 ಡಿಗ್ರಿ ಹಿತ. ಜೂನ್ ಮಧ್ಯಾಹ್ನ ಅಡುಗೆಮನೆಯೇ ಅಷ್ಟಿರುತ್ತದೆ.

ಇಡ್ಲಿ ಹಿಟ್ಟನ್ನು ಊರಿನಲ್ಲಿ ರಾತ್ರಿ ರುಬ್ಬಿ ಬೆಳಿಗ್ಗೆಗೆ ಬಿಡುತ್ತಾರೆ. ಅಕ್ಕ ಇಲ್ಲಿ ರಾತ್ರಿ ಹತ್ತಕ್ಕೆ ರುಬ್ಬಿ ಹಜಾರದಲ್ಲಿ, ಎ.ಸಿ.ಯಿಂದ ಸ್ವಲ್ಪ ದೂರದಲ್ಲಿ ಇಡುತ್ತಾಳೆ. ಸರಿಯಾದ ಜಾಗವನ್ನು ಹುಡುಕಿ ಹಿಡಿದಿದ್ದಾಳೆ: ಟಿ.ವಿ. ಮೇಜಿನ ಕೆಳಗಿನ ಹಲಗೆ. ಅಡುಗೆಮನೆಯಲ್ಲಿಟ್ಟರೆ ನಡುರಾತ್ರಿಗೇ ಉಕ್ಕಿ ಕಟ್ಟೆಯ ಮೇಲೆ ಹರಿಯುತ್ತದೆ. ಮಲಗುವ ಕೋಣೆಯಲ್ಲಿಟ್ಟರೆ ಬೆಳಿಗ್ಗೆಯೂ ಹಾಗೇ ಇರುತ್ತದೆ.

ಬೆಂಗಳೂರಿನಲ್ಲಿರುವ ಅತ್ತಿಗೆ ಡಿಸೆಂಬರಿನಲ್ಲಿ ಫೋನು ಮಾಡಿ ಕೇಳಿದರಂತೆ, ಹಿಟ್ಟು ಉಬ್ಬುತ್ತಿಲ್ಲ, ಏನು ಮಾಡಲಿ? ಅಕ್ಕ ಪಾತ್ರೆಗೆ ಕಂಬಳಿ ಸುತ್ತಿ ಎಂದಳಂತೆ.

12

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿ ನೀರು ಹೆಚ್ಚುಕಡಿಮೆ 97 ಡಿಗ್ರಿಗೆ ಕುದಿಯುತ್ತದೆ. ಅಲ್ ಖುವೈರ್‌ನಲ್ಲಿ 100ಕ್ಕೆ. ಸಮುದ್ರ ಇಲ್ಲಿಂದ ನಡಿಗೆಯ ದೂರ. ಒಮಾನಿನದೇ ಜೆಬೆಲ್ ಅಖ್ದರ್‌ನ ಸೈಕ್ ಪ್ರಸ್ಥಭೂಮಿ 2000 ಮೀಟರಿನಷ್ಟು ಎತ್ತರ, ಅಲ್ಲಿ ಸುಮಾರು 93ಕ್ಕೆ ಕುದಿ.

ಆ ಬೆಟ್ಟದ ಹಳ್ಳಿಗಳಲ್ಲಿ ಏಪ್ರಿಲ್ ಹೊತ್ತಿಗೆ ಗುಲಾಬಿ ಬಿಡುತ್ತದೆ. ಎಸಳುಗಳನ್ನು ಮಡಕೆಯಲ್ಲಿಟ್ಟು ಮಣ್ಣಿನ ಒಲೆಯ ಮೇಲೆ ಕಾಯಿಸುತ್ತಾರೆ. ಬಾಯಿಗೆ ತಣ್ಣೀರು ತುಂಬಿದ ಪಾತ್ರೆ ಮುಚ್ಚಿರುತ್ತದೆ. ಆವಿ ಅದರ ತಳಕ್ಕೆ ತಾಗಿ ಹನಿಯಾಗಿ ಒಳಗಿನ ಬಟ್ಟಲಿಗೆ ಬೀಳುತ್ತದೆ. ಮೇಲಿನ ನೀರು ಬೆಚ್ಚಗಾದಂತೆ ಚೆಲ್ಲಿ ಬೇರೆ ಹಾಕುತ್ತಾ ಇರಬೇಕು. ಕೆಳಗೆ ಬೆಂಕಿ ನೋಡಿಕೊಳ್ಳುವಷ್ಟೇ ಎಚ್ಚರದಿಂದ ಮೇಲೆ ತಂಪನ್ನೂ ನೋಡಿಕೊಳ್ಳುತ್ತಾರೆ.

13

ನಲ್ಲಿಯಲ್ಲಿ ಬರುವುದೂ ಬಟ್ಟಿ ಇಳಿಸಿದ ಸಮುದ್ರವೇ, ಅಥವಾ ಸೋಸಿದ ಸಮುದ್ರ. ಪಕ್ಕದ ಘುಬ್ರಾದಲ್ಲಿ 1976ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಶುರುವಾಯಿತು. ಕಾಯಿಸಿದ ಉಪ್ಪುನೀರನ್ನು ಅಲ್ಲಿ ಒಂದಾದ ಮೇಲೊಂದು ಕೋಣೆಗೆ ಬಿಡುತ್ತಿದ್ದರು. ಪ್ರತಿ ಕೋಣೆಯಲ್ಲೂ ಒತ್ತಡ ಹಿಂದಿನದಕ್ಕಿಂತ ಕಡಿಮೆ. ನೀರು ತಣಿಯುತ್ತಾ ಹೋಗುತ್ತಿತ್ತು, ಆದರೂ ಪ್ರತಿ ಕೋಣೆಯಲ್ಲಿ ಮತ್ತೆ ಕುದಿಯುತ್ತಿತ್ತು.

ತಣಿಯುತ್ತಾ ಕುದಿಯುವುದು. ಇದನ್ನು ಅಕ್ಕನ ಮಗಳಿಗೆ ಒಪ್ಪಿಸಲು ಬಿಸಿನೀರು ಎಳೆದ ಸಿರಿಂಜ್ ಬೇಕಾಯಿತು. ಕೊಳವೆಯ ಬಾಯಿಗೆ ಬೆರಳೊತ್ತಿ ಹಿಡಿಯನ್ನು ಹಿಂದಕ್ಕೆ ಎಳೆದಾಗ ಒಳಗೆ ಗುಳ್ಳೆ ಎದ್ದವು. ಒಲೆ ಹತ್ತಿರದಲ್ಲೂ ಇರಲಿಲ್ಲ.

14

ಮೈಸೂರುಪಾಕಿಗೆ ಒಂದೆಳೆ ಪಾಕ. ಅಕ್ಕ ಹೆಬ್ಬೆರಳು ತೋರುಬೆರಳಿನ ನಡುವೆ ಪಾಕ ಹಿಡಿದು ಎಳೆದು ನೋಡುತ್ತಾಳೆ. ಬಾಣಲೆಗೆ ಥರ್ಮಾಮೀಟರ್ ಇಳಿಬಿಟ್ಟೆವು. ಕುದಿಯುವ ನೀರಿಗಿಂತ ಕೆಲವೇ ಡಿಗ್ರಿ ಮೇಲೆ. ನೀರು ಆವಿಯಾದಷ್ಟೂ ಸಕ್ಕರೆಯ ಪಾಲು ಹೆಚ್ಚಿ ಪಾಕದ ಕುದಿಬಿಂದು ಏರುತ್ತದೆ. ಎಳೆ ಬರುವುದೂ ಡಿಗ್ರಿ ಏರುವುದೂ ಜೊತೆಜೊತೆಗೆ.

ಅವಳು ಬೆರಳು ತೆಗೆದು "ಬಂತು" ಅಂದಳು. ಪಾದರಸ ಆಮೇಲೆ ನಿಂತಿತು.

15

ಸಕ್ಕರೆ: 100 ಗ್ರಾಂ ನೀರಿನಲ್ಲಿ 20 ಡಿಗ್ರಿಗೆ ಸುಮಾರು 200 ಗ್ರಾಂ ಕರಗುತ್ತದೆ. 100 ಡಿಗ್ರಿಗೆ 480 ಗ್ರಾಂ ದಾಟುತ್ತದೆ.

ಉಪ್ಪು: 20 ಡಿಗ್ರಿಗೆ 36 ಗ್ರಾಂ. 100 ಡಿಗ್ರಿಗೆ 39. ನೀರು ಎಷ್ಟು ಕುದಿದರೂ ಉಪ್ಪಿಗೆ ಹೆಚ್ಚೇನೂ ವ್ಯತ್ಯಾಸವಿಲ್ಲ.

ಸುಣ್ಣ: ಒಂದು ಲೀಟರಿನಲ್ಲಿ 20 ಡಿಗ್ರಿಗೆ ಸುಮಾರು 1.7 ಗ್ರಾಂ. 100 ಡಿಗ್ರಿಗೆ ಒಂದು ಗ್ರಾಮಿಗಿಂತ ಕಡಿಮೆ. ಬಿಸಿ ಮಾಡಿದರೆ ಕರಗಿದ್ದು ಹೊರಗೆ ಬರುತ್ತದೆ.

ಎಲೆಯಡಿಕೆಯ ಸುಣ್ಣವನ್ನು ನೀರಿಗೆ ಕಲಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಮೇಲೆ ನಿಂತ ತಿಳಿಯನ್ನು ಅಲುಗಿಸದೆ ಬೇರೆ ಪಾತ್ರೆಗೆ ಬಗ್ಗಿಸಿ ಸಣ್ಣ ಉರಿಯಲ್ಲಿ ಇಟ್ಟೆವು. ಕುದಿಯುವ ಮೊದಲೇ ತಿಳಿ ಮಸುಕಾಯಿತು. ಇಳಿಸಿ ತಣಿಯಲು ಬಿಟ್ಟಾಗ ಮಸುಕು ಸ್ವಲ್ಪ ಸ್ವಲ್ಪವೇ ಹಿಂದೆ ಹೋಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿದ ಸುಣ್ಣಕಲ್ಲಿನ ಪುಡಿ ಇರಬೇಕು.

ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಸುಟ್ಟ ಚಿಪ್ಪಿಗೆ ನೀರು ಹೊಯ್ದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತದೆ. ಗೂಡಿನಲ್ಲಿ ಕೊಟ್ಟ ಶಾಖದಲ್ಲಿ ಒಂದು ಪಾಲು ಆಗ ಹೊರಗೆ ಬರುತ್ತದೆ.

16

ಭಾವ ಕಟ್ಟಡದ ಕೆಲಸದಲ್ಲಿದ್ದಾರೆ. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಮಧ್ಯಾಹ್ನ 12:30ರಿಂದ 3:30ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂದು ಒಮಾನಿನ ನಿಯಮವಿದೆ. ಮನುಷ್ಯರಿಗಾಗಿ ಮಾಡಿದ ನಿಯಮ. ಕಾಂಕ್ರೀಟಿಗೆ ಬೇರೆ ನಿಯಮ.

ಸಿಮೆಂಟು ನೀರಿನ ಜೊತೆ ಸೇರಿ ಕಲ್ಲಾಗುವುದೂ ಒಂದು ರಾಸಾಯನಿಕ ಕ್ರಿಯೆ. ಸೆಕೆಯಲ್ಲಿ ಅದಕ್ಕೆ ಅವಸರ. ಲಾರಿ ಸೈಟಿಗೆ ಬರುವುದರೊಳಗೆ ಮಾಲು ಬಿಗಿಯತೊಡಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ರಾತ್ರಿ ಹಾಕುತ್ತಾರೆ. ಕಲಸುವ ನೀರಿನ ಬದಲು ಒಂದು ಪಾಲು ಮಂಜುಗಡ್ಡೆಯ ಚೂರು ಹಾಕುತ್ತಾರೆ. ಲಾರಿಯಿಂದ ಇಳಿಸುವ ಮುನ್ನ ಮಾಲಿಗೆ ಥರ್ಮಾಮೀಟರ್ ಚುಚ್ಚುತ್ತಾರೆ.

"32 ದಾಟಿದ್ರೆ ವಾಪಸ್" ಅಂದರು ಭಾವ.

ವಾಪಸ್ ಹೋದದ್ದು ಏನಾಗುತ್ತದೆ ಎಂದು ಕೇಳಿದೆ. ಎಲ್ಲಾದರೂ ಸುರಿಯಲೇಬೇಕು, ಡ್ರಮ್ಮಿನಲ್ಲೇ ಕಲ್ಲಾದರೆ ಒಳಗೆ ಮನುಷ್ಯರು ಇಳಿದು ಒಡೆಯಬೇಕಾಗುತ್ತದೆ ಎಂದರು.

ಇನ್ನೊಂದು ಮಾತು ಹೇಳಿದರು. ಬಿಸಿಯಲ್ಲಿ ಬಿಗಿದ ಕಾಂಕ್ರೀಟು ಮೊದಲ ದಿನಗಳಲ್ಲಿ ಹೆಚ್ಚು ಗಟ್ಟಿ, ತಿಂಗಳು ಕಳೆದ ಮೇಲೆ ನೋಡಿದರೆ ತಂಪಿನಲ್ಲಿ ನಿಧಾನವಾಗಿ ಬಿಗಿದದ್ದಕ್ಕಿಂತ ಕಮ್ಮಿ. ಇದನ್ನು ಎರಡು ಸಲ ಹೇಳಿಸಿಕೊಂಡು ಬರೆದುಕೊಂಡೆ.

17

ಅಲ್ ಖುವೈರ್ ಚೌಕದ ಧ್ವಜಸ್ತಂಭ 126 ಮೀಟರ್, ಉಕ್ಕಿನದು. ಉಕ್ಕು ಒಂದು ಡಿಗ್ರಿಗೆ ಮೀಟರೊಂದರಲ್ಲಿ ಮಿಲಿಮೀಟರಿನ ಸಾವಿರ ಪಾಲಿನಲ್ಲಿ 12 ಪಾಲು ಹಿಗ್ಗುತ್ತದೆ. ಜನವರಿಯ ಬೆಳಗಿನ ಜಾವಕ್ಕೂ ಜೂನ್ ಮಧ್ಯಾಹ್ನಕ್ಕೂ ಲೋಹದ ಬಿಸಿಯಲ್ಲಿ 40 ಡಿಗ್ರಿ ಅಂತರ ಎಂದಿಟ್ಟುಕೊಂಡರೆ ಸ್ತಂಭ ಸುಮಾರು 6 ಸೆಂಟಿಮೀಟರ್ ಉದ್ದವಾಗುತ್ತದೆ.

ಕೆಳಗೆ ನಿಂತು ನೋಡಿದೆ. ಕಣ್ಣಿಗೆ ಸಿಗುವ ಅಳತೆಯಲ್ಲ. ಬಿಸಿಲು ಬಿದ್ದ ಮಗ್ಗುಲು ನೆರಳಿನ ಮಗ್ಗುಲಿಗಿಂತ ಹೆಚ್ಚು ಹಿಗ್ಗಿದರೆ ತುದಿ ಸ್ವಲ್ಪ ಆಚೆಗೆ ವಾಲಬೇಕು, ಬಿಸಿಲು ತಿರುಗಿದಂತೆ ವಾಲುವ ದಿಕ್ಕೂ ತಿರುಗಬೇಕು.

18

ಶಾಲೆಯ ಪ್ರಯೋಗ: ಲೋಹದ ಗುಂಡು ತಣ್ಣಗಿದ್ದಾಗ ಬಳೆಯೊಳಗೆ ತೂರುತ್ತದೆ, ಕಾಯಿಸಿದರೆ ತೂರುವುದಿಲ್ಲ. ಅಕ್ಕನ ಮಗಳ ಪ್ರಶ್ನೆ: ಬಳೆಯನ್ನೇ ಕಾಯಿಸಿದರೆ ತೂತು ಕಿರಿದಾಗುತ್ತದೋ, ಹಿರಿದಾಗುತ್ತದೋ? ಕಿರಿದಾಗುತ್ತದೆ ಎಂದು ಬಹಳ ಮಂದಿ ಹೇಳುತ್ತಾರೆ. ಹಿರಿದಾಗುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವ ಕಮ್ಮಾರರು ಪಟ್ಟಿಯನ್ನು ಕೆಂಪಗೆ ಕಾಯಿಸಿಯೇ ತೊಡಿಸುತ್ತಿದ್ದರು, ಆಮೇಲೆ ನೀರು ಹೊಯ್ಯುತ್ತಿದ್ದರು.

19

ಖಾಲಿ ನೀರಿನ ಬಾಟಲಿಗೆ ಬಾಲ್ಕನಿಯಲ್ಲಿ ಮುಚ್ಚಳ ಬಿಗಿದು ಒಳಗೆ ತಂದಿಟ್ಟರೆ ಸ್ವಲ್ಪ ಹೊತ್ತಿಗೆ ಟಕ್ ಎಂದು ಹೊಟ್ಟೆ ಒಳಕ್ಕೆ ಹೋಗುತ್ತದೆ. ಮತ್ತೆ ಹೊರಗಿಟ್ಟರೆ ಮತ್ತೆ ಟಕ್.

20

ಎರಡು ತಿಂಗಳು ಬೀಗ ಹಾಕಿದ ಮನೆ. ಪಕ್ಕದ ಫ್ಲಾಟಿನವರು ರಜೆಗೆ ಊರಿಗೆ ಹೋಗಿ ಬಂದರು. ಕರೆಂಟು ಆರಿಸಿ ಹೋಗಿದ್ದರು. ಬಾಗಿಲು ತೆರೆದಾಗ ನಾವೂ ಹೋಗಿ ನೋಡಿದೆವು.

ದೇವರ ಮುಂದಿನ ಮೇಣದಬತ್ತಿ ನಡುವಿನಲ್ಲಿ ಬಗ್ಗಿ ತುದಿ ಹಲಗೆ ಮುಟ್ಟಿತ್ತು. ಕರಗಿರಲಿಲ್ಲ, ಬತ್ತಿಯ ನೂಲು ಬಿಳಿಯಾಗಿಯೇ ಇತ್ತು.

ಕರ್ಪೂರದ ಡಬ್ಬಿಯಲ್ಲಿ ಕಾಗದ ಮಾತ್ರ ಇತ್ತು. ಬಟ್ಟೆ ಕಪಾಟಿನ ನುಸಿಗುಳಿಗೆಯೂ ಇರಲಿಲ್ಲ, ವಾಸನೆ ಇತ್ತು.

ಗೋಡೆಯ ಗಡಿಯಾರ ನಿಂತಿತ್ತು. ಸೆಲ್ಲು ಸೋರಿ ತಂತಿಗೆ ಬಿಳಿಹಿಟ್ಟು ಹತ್ತಿತ್ತು.

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮಕ್ಕಳ ಚಿತ್ರ ಜಾರಿ ನೆಲಕ್ಕೆ ಬಂದಿತ್ತು. ಅಂಟು ಬಾಗಿಲ ಮೇಲೇ ಉಳಿದಿತ್ತು.

ಮಾತ್ರೆಯ ಪಟ್ಟಿಯ ಮೇಲೆ 30 ಡಿಗ್ರಿಗಿಂತ ಕೆಳಗೆ ಇಡಿ ಎಂದಿತ್ತು. ಮಾತ್ರೆಗಳು ನೋಡಲು ಹಾಗೇ ಇದ್ದವು. ಅವರು ಅದನ್ನು ಎಸೆದರು.

ಅರಿಸಿನ ಕುಂಕುಮಕ್ಕೆ ಏನೂ ಆಗಿರಲಿಲ್ಲ. ಉಪ್ಪಿನಕಾಯಿ ಕಪ್ಪಾಗಿತ್ತು.

21

2018ರ ಜೂನ್ 26. ಮಸ್ಕತ್ತಿನ ಆಗ್ನೇಯಕ್ಕಿರುವ ಕುರಿಯಾತ್. ಆ ದಿನದ ಕನಿಷ್ಠ ಉಷ್ಣಾಂಶ 42.6 ಡಿಗ್ರಿ.

22

1963ರಲ್ಲಿ ಇಂದಿನ ಟಾಂಜಾನಿಯಾದ ಎರಾಸ್ಟೊ ಎಂಪೆಂಬಾ ಎಂಬ ಶಾಲಾ ಹುಡುಗ ಐಸ್‌ಕ್ರೀಮು ಮಾಡುವಾಗ ಹಾಲು ಆರುವುದನ್ನು ಕಾಯದೆ ಬಿಸಿಯಾಗಿಯೇ ಫ್ರೀಜರಿನಲ್ಲಿಟ್ಟ. ಅವನದು ಉಳಿದವರದಕ್ಕಿಂತ ಮೊದಲು ಗಟ್ಟಿಯಾಯಿತು. ಮೇಷ್ಟರು ನಂಬಲಿಲ್ಲ. ಮುಂದೆ ಡೆನಿಸ್ ಆಸ್ಬಾರ್ನ್ ಎಂಬ ಭೌತವಿಜ್ಞಾನ ಪ್ರಾಧ್ಯಾಪಕರು ಶಾಲೆಗೆ ಬಂದಾಗ ಎದ್ದು ಅದನ್ನೇ ಕೇಳಿದ. ಸಹಪಾಠಿಗಳು ನಕ್ಕರು. ಆಸ್ಬಾರ್ನ್ ಹೋಗಿ ಮಾಡಿ ನೋಡಿದರು. 1969ರಲ್ಲಿ ಇಬ್ಬರ ಹೆಸರಿನಲ್ಲೂ ಲೇಖನ ಪ್ರಕಟವಾಯಿತು.

2016ರಲ್ಲಿ ಹೆನ್ರಿ ಬರಿಡ್ಜ್ ಮತ್ತು ಪಾಲ್ ಲಿಂಡನ್ ಎಂಬ ಬ್ರಿಟಿಷ್ ಸಂಶೋಧಕರು ಮತ್ತೆ ಅಳೆದರು. ಅಂಥ ಪರಿಣಾಮಕ್ಕೆ ಪುರಾವೆ ಸಿಗಲಿಲ್ಲ ಎಂದರು. ಥರ್ಮಾಮೀಟರನ್ನು ಒಂದು ಸೆಂಟಿಮೀಟರ್ ಮೇಲೆ ಕೆಳಗೆ ಮಾಡಿದರೂ ಉತ್ತರ ಬದಲಾಗಬಹುದು ಎಂದೂ ತೋರಿಸಿದರು.

ಒಮಾನಿನ ಸುಲ್ತಾನರು ಹತ್ತೊಂಬತ್ತನೇ ಶತಮಾನದಲ್ಲಿ ಜಾಂಜಿಬಾರಿನಿಂದ ಆಳಿದ್ದರು. ಇಲ್ಲಿ ಸ್ವಾಹಿಲಿ ಮಾತಾಡುವ ಒಮಾನಿ ಮನೆಗಳು ಈಗಲೂ ಅನೇಕ. ಮಹಡಿಯ ಮೇಲಿನ ಮನೆಯ ಅಜ್ಜಿ ಅಂಥವರು. ಎಂಪೆಂಬಾ ಕತೆ ಹೇಳಿದಾಗ, ಆ ಹುಡುಗನಿಗೆ ಮೇಷ್ಟರು ಕ್ಷಮೆ ಕೇಳಿದರೇ ಎಂದು ಕೇಳಿದರು.

ಅಕ್ಕನ ಮಗಳು ನೀಲಿ ನಲ್ಲಿಯ ನೀರನ್ನೂ ಕೆಂಪು ನಲ್ಲಿಯ ನೀರನ್ನೂ ಒಂದೇ ಅಳತೆಯ ಬಟ್ಟಲುಗಳಲ್ಲಿ ಫ್ರೀಜರಿಗೆ ಇಡುತ್ತಾಳೆ. ಒಂದೊಂದು ದಿನ ಒಂದೊಂದು ಉತ್ತರ. ಎಲ್ಲವನ್ನೂ ಬರೆದಿಡುತ್ತಿದ್ದಾಳೆ.

23

ಫ್ರಿಜ್ಜಿನಿಂದ ತೆಗೆದ ಸೋಡಾ ತೆರೆದರೆ ಸುಯ್ ಎನ್ನುತ್ತದೆ. ಕಾರಿನಲ್ಲಿ ಉಳಿದದ್ದನ್ನು ತೆರೆದರೆ ಅಂಗಿ ತೋಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ಉಳಿಯುವ ಅನಿಲ ಕಡಿಮೆ.

ಆಮ್ಲಜನಕವೂ ಹಾಗೆಯೇ. ಸೊನ್ನೆ ಡಿಗ್ರಿಯ ಸಿಹಿನೀರಿನ ಒಂದು ಲೀಟರಿನಲ್ಲಿ 14.6 ಮಿಲಿಗ್ರಾಂ ಕರಗುತ್ತದೆ, 30 ಡಿಗ್ರಿಗೆ ಸುಮಾರು 7.5. ಒಮಾನ್ ಕೊಲ್ಲಿಯ ಆಳದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇಲ್ಲದ ಒಂದು ವಲಯವಿದೆ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು ಇಲ್ಲಿನ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದ ಜೊತೆ ಸೇರಿ ನೀರೊಳಗೆ ಯಂತ್ರಗಳನ್ನು ಬಿಟ್ಟು ಅಳೆದರು. 2018ರಲ್ಲಿ ಹೇಳಿದರು: ವಲಯ ಸ್ಕಾಟ್ಲೆಂಡಿಗಿಂತ ದೊಡ್ಡದು, ಬೆಳೆಯುತ್ತಲೂ ಇದೆ.

ಮೀನುಮಾರುಕಟ್ಟೆಯಲ್ಲಿ ಬಂಗುಡೆ ಇತ್ತು. ಅಕ್ಕ ಕಿವಿರು ಎತ್ತಿ ನೋಡಿ ಕೊಂಡಳು.

24

ಅಲ್ ಖುವೈರ್‌ನಿಂದ ದಕ್ಷಿಣಕ್ಕೆ ತಿರುಗಿದರೆ ಬೌಶರ್ ಕಡೆಯ ಬೆಟ್ಟಗಳು, ಹುಲ್ಲಿಲ್ಲದವು. ಮಸ್ಕತ್ತಿನ ಸುತ್ತಿನ ಕಪ್ಪು ಬೆಟ್ಟಗಳಲ್ಲಿ ಅನೇಕವು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಡಿಯಿಂದ ಮೇಲೆ ಬಂದ ಬಂಡೆ, ಹೆಸರು ಪೆರಿಡೋಟೈಟ್. ಅದರಲ್ಲಿ ಬಿಳಿ ಗೆರೆಗಳಿರುತ್ತವೆ. ಮಳೆನೀರಿನ ಜೊತೆ ಇಳಿದ ಇಂಗಾಲದ ಡೈಆಕ್ಸೈಡ್ ಬಂಡೆಯ ಮೆಗ್ನೀಸಿಯಂ, ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾದದ್ದು ಆ ಬಿಳುಪು.

2008ರಲ್ಲಿ ಪೀಟರ್ ಕೆಲೆಮನ್ ಮತ್ತು ಯೂರ್ಗ್ ಮ್ಯಾಟರ್ ಇದರ ವೇಗ ಲೆಕ್ಕ ಹಾಕಿದರು. ಬಂಡೆಯನ್ನು 185 ಡಿಗ್ರಿಯ ಸುತ್ತಮುತ್ತ ಕಾಯಿಸಿದರೆ ಕ್ರಿಯೆಗೆ ಅತಿ ಹೆಚ್ಚು ವೇಗ. ಅದಕ್ಕಿಂತ ಬಿಸಿ ಮಾಡಿದರೆ ವೇಗ ಮತ್ತೆ ಇಳಿಯುತ್ತದೆ. ಕ್ರಿಯೆಯೇ ಶಾಖ ಬಿಡುವುದರಿಂದ ಒಮ್ಮೆ ಕಾಯಿಸಿದ ಬಂಡೆ ತನ್ನ ಕಾವನ್ನು ತಾನೇ ಉಳಿಸಿಕೊಳ್ಳಬಲ್ಲದು ಎಂದೂ ಬರೆದರು.

ಬೆಟ್ಟದೊಳಗಿಂದ ಬರುವ ಕೆಲವು ಊಟೆಗಳ ನೀರು ಸುಣ್ಣದ ತಿಳಿಯಷ್ಟೇ ಕ್ಷಾರ, ಪಿಎಚ್ 11 ದಾಟುತ್ತದೆ. ಗಾಳಿ ತಾಗಿದಲ್ಲಿ ನೀರಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಬೆರಳು ಅದ್ದಿದರೆ ಹಾಲಿನ ಕೆನೆಗಿಂತ ಗರಿಗರಿ, ಒಡೆಯುತ್ತದೆ.

25

44.01 ಎಂಬ ಹೆಸರಿನ ಒಮಾನಿ ಕಂಪನಿ ಇದೆ. ಆ ಸಂಖ್ಯೆ ಇಂಗಾಲದ ಡೈಆಕ್ಸೈಡಿನ ಅಣುತೂಕ. ನೀರಿನಲ್ಲಿ ಕರಗಿಸಿದ ಅನಿಲವನ್ನು ಈ ಬಂಡೆಯೊಳಗೆ ಇಳಿಸಿ ಕಲ್ಲಾಗಿಸುವುದು ಅವರ ಕೆಲಸ. 2022ರಲ್ಲಿ ಅವರಿಗೆ ಅರ್ತ್‌ಶಾಟ್ ಪ್ರಶಸ್ತಿ ಬಂತು. ಪಕ್ಕದ ಎಮಿರೇಟ್ಸಿನ ಫುಜೈರಾದಲ್ಲೂ ಇದೇ ಬಂಡೆಯಿದೆ. ಅಲ್ಲಿ ಇಳಿಸಿದ 10 ಟನ್ ಅನಿಲ 100 ದಿನದೊಳಗೆ ಕಲ್ಲಾಯಿತು ಎಂದು ಕಂಪನಿ ಹೇಳಿದೆ.

26

ಬಿಳಿ ಗೆರೆಯಿರುವ ಒಂದು ಕಲ್ಲನ್ನು ಭಾವ ಸೈಟಿನಿಂದ ತಂದರು. ಅಕ್ಕನ ಮಗಳು ವಿನೆಗರ್ ಹನಿಸಿದಳು. ಗೆರೆಯ ಒಂದು ಭಾಗದಲ್ಲಿ ಗುಳ್ಳೆ ಎದ್ದವು. ಇನ್ನೊಂದು ಭಾಗ ಒದ್ದೆಯಾಯಿತು, ಅಷ್ಟೇ.

ಗುಳ್ಳೆ ಎದ್ದದ್ದು ಕ್ಯಾಲ್ಸೈಟ್ ಇರಬೇಕು. ಸುಮ್ಮನಿದ್ದದ್ದು ಮ್ಯಾಗ್ನಸೈಟ್ ಇರಬಹುದು. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ, ಕಡಕೊಳದ ಬಳಿಯ ದೊಡ್ಡಕಾನ್ಯದಲ್ಲಿ ಮ್ಯಾಗ್ನಸೈಟಿನ ಗಣಿಗಳಿದ್ದವು. ಅಲ್ಲೂ ಅದು ಇಂಥದೇ ಕಪ್ಪು ಬಂಡೆಯಲ್ಲಿ ಬಿಳಿ ಗೆರೆಯಾಗಿ ಕೂತದ್ದು. ಎರಡನ್ನೂ ಬೇರೆ ಮಾಡಿ ಗುರುತಿಸಲು ಭೂವಿಜ್ಞಾನಿಗಳಿಗೆ ಒಂದು ಸುಲಭದ ಪರೀಕ್ಷೆ ಇದೆ. ಕ್ಯಾಲ್ಸೈಟ್ ತಣ್ಣನೆಯ ಆಮ್ಲಕ್ಕೇ ನೊರೆಯೇಳುತ್ತದೆ. ಮ್ಯಾಗ್ನಸೈಟಿಗೆ ಆಮ್ಲವನ್ನು ಬಿಸಿ ಮಾಡಿ ಹನಿಸಬೇಕು.